ಕುರ್ಲಾದ ಕಲ್ಲು ತೊಳೆದದ್ದು

ಸಾವಿರ ಹೆಜ್ಜೆಗೆ ಹತ್ತು ಹುಣಸೆ ಬೀಜ. ನೂರು ಹೆಜ್ಜೆ ಆದ ಕೂಡಲೇ ಎಡ ಜೇಬಿನ ಒಂದು ಬೀಜ ಬಲ ಜೇಬಿಗೆ ಹೋಗಬೇಕು. ನಡುವೆ ಯಾರಾದರೂ "ಏನ್ ಮೇಷ್ಟ್ರೇ, ಎಲ್ಲಿಗೆ ಸವಾರಿ?" ಎಂದು ನಿಲ್ಲಿಸಿಬಿಟ್ಟರೆ ಲೆಕ್ಕ ಕೆಟ್ಟಿತು. ಮತ್ತೆ ಹಿಂದಿನ ಮೂಲೆಗೆ ಹೋಗಿ ಮೊದಲಿನಿಂದ ಶುರು. ಐವತ್ತರ ದಶಕದ ಒಂದು ಚಳಿಗಾಲದಿಂದ ಮುಂದಿನ ಮಳೆಗಾಲದ ಕೊನೆಯವರೆಗೆ, ಪ್ರತಿ ಭಾನುವಾರ, ನಾನು ಮುಂಬಯಿಯನ್ನು ಹೀಗೆ ಅಳೆದೆ.

ಕೆಲಸ ವಹಿಸಿದವರು ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು. ಧಾರವಾಡದ ಕಡೆಯವರು, ಗಿರಣಿಯೊಂದರ ಆಫೀಸಿನಲ್ಲಿದ್ದರು. ಅವರ ಮಾತಿಗೆ ಎದುರಾಡಿದವರನ್ನು ನಾನು ನೋಡಿಲ್ಲ.

"ಮಾಸ್ತರ, ಊರಿಂದ ಬಂದ ಮಂದಿ ಐತವಾರ ಬಂತಂದ್ರ ಖೋಲಿಯೊಳಗ ಬಿದ್ಕೊಂಡಿರ್ತಾರ. ಎಲ್ಲಿಗೆ ಹೋಗಬೇಕಂದ್ರೂ ರೊಕ್ಕ. ನಡಕೋತ ಹೋಗಿ ಹಳೇ ಜಾಗಾ ನೋಡಿ ಬರೂ ಹಂಗ ಒಂದ್ ಸಣ್ಣ ಪುಸ್ತಕ ಬರದ ಕೊಡ್ರಿ. ನೀವು ಸಾಲಿ ಮಾಸ್ತರು, ಶಾಸನ ಗೀಸನ ಗೊತ್ತದ ನಿಮಗ."

ಶಾಸನ ಗೊತ್ತಿತ್ತು ಎನ್ನುವುದು ದೊಡ್ಡ ಮಾತು. ಮೈಸೂರಿನಲ್ಲಿ ಓದುವಾಗ ಎರಡು ಬೇಸಿಗೆ, ಶಾಸನಗಳ ಅಚ್ಚು ತೆಗೆಯುವವರ ಹಿಂದೆ ನೀರು ಹೊತ್ತು ಹೋಗಿದ್ದೆ, ಅಷ್ಟೇ. ಆದರೂ ಒಪ್ಪಿಕೊಂಡೆ. ಕ್ರಮಗಳನ್ನು ನಾನೇ ಮಾಡಿಕೊಂಡೆ. ಪ್ರತಿ ದಾರಿಯೂ ಒಂದು ಲೋಕಲ್ ಸ್ಟೇಷನ್ನಿನಿಂದ ಹೊರಡಬೇಕು. ಅಲ್ಲಿಂದ ಮುಂದೆ ಟ್ರಾಮಿಗೂ ಬಸ್ಸಿಗೂ ಒಂದು ಕಾಸು ಕೊಡಕೂಡದು. ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ನೆರಳು ಎಲ್ಲಿದೆ ಎಂದು ಬರೆಯಬೇಕು. ಯಾವ ಜಾಗದ ಕಥೆಯನ್ನಾದರೂ ಅಲ್ಲಿನ ಮೂವರನ್ನು ಬೇರೆ ಬೇರೆಯಾಗಿ ಕೇಳಬೇಕು. ಇಬ್ಬರ ಮಾತು ಕೂಡಿದರೆ ಮಾತ್ರ ಪುಸ್ತಕಕ್ಕೆ.

ಹೊಸ ದಾರಿಯನ್ನು ಸಂಘದ ಕೆಲವರೊಂದಿಗೆ ಒಮ್ಮೆ ನಡೆದು ನೋಡುವುದೂ ಕ್ರಮದಲ್ಲಿ ಸೇರಿತ್ತು. ಮೊದಲನೆಯದು ಸಯನ್ ಕೋಟೆಯ ಗುಡ್ಡ. ಒಂಬತ್ತು ಜನ ಹೆಸರು ಕೊಟ್ಟಿದ್ದರು. ಹಿಂದಿನ ದಿನ, ಶನಿವಾರ, ಅರಸೀಕೆರೆಯಿಂದ ತಂತಿ ಬಂತು. ತೌರಿಗೆ ಹೋಗಿದ್ದ ನನ್ನ ಹೆಂಡತಿಗೆ ಜ್ವರ, ಸ್ಥಿತಿ ಗಂಭೀರ, ಕೂಡಲೇ ಹೊರಡಿ ಎಂದಿತ್ತು. ನಮ್ಮ ಮಾವನವರು ಹಿಂದೊಮ್ಮೆ ನನ್ನನ್ನು ಗೌರಿ ಹಬ್ಬಕ್ಕೆ ಕರೆಸಿಕೊಳ್ಳಲು ಇದೇ ಮಾತಿನ ತಂತಿ ಬಿಟ್ಟಿದ್ದರು. ಇದೂ ಅದೇ ಇರಬೇಕೆಂದುಕೊಂಡೆ. ಭಾನುವಾರ ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ಗುಡ್ಡ ಹತ್ತಿದೆ. ಯಾವುದಕ್ಕೂ ಇರಲೆಂದು ಸೋಮವಾರ ರೈಲು ಹತ್ತಿದೆ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ಹೋದದ್ದು ಭಾನುವಾರ ಮಧ್ಯಾಹ್ನವಂತೆ. ಆಗ ನಾನು ಒಂಬತ್ತು ಜನಕ್ಕೆ ತುಕ್ಕು ಹಿಡಿದ ಫಿರಂಗಿ ತೋರಿಸುತ್ತಿದ್ದೆ.

ತಂತಿ ಯಾವಾಗ ಸಿಕ್ಕಿತು ಎಂದು ಮಾವನವರು ಕೇಳಿದರು. ಸೋಮವಾರ ಬೆಳಿಗ್ಗೆ ಎಂದು ಹೇಳಿದೆ.

ಹದಿನಾಲ್ಕನೆಯ ದಿನ ಮುಂಬಯಿಗೆ ಮರಳಿದೆ. ಕಾರ್ಯದರ್ಶಿಗಳು ಕೆಲಸ ಬೇರೆಯವರಿಗೆ ಕೊಡಲೇ ಎಂದು ಕೇಳಿದರು. ಬೇಡವೆಂದೆ. ಶೋಕ ಮರೆಯಲು ನಡೆದೆ ಎಂದು ಜನ ಅಂದುಕೊಂಡರು. ಸುಳ್ಳು. ನನಗೆ ಶೋಕವೂ ಬರುತ್ತಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ನನಗೆ ಮೈಯೆಲ್ಲ ಹಾಗೆ ಆಗಿತ್ತು. ಒಂದು ಭಾನುವಾರ ಚಪ್ಪಲಿಯ ಮೊಳೆ ಹಿಮ್ಮಡಿಗೆ ಚುಚ್ಚಿ ಚುಚ್ಚಿ ರಕ್ತ ಒಸರಿತ್ತು. ನನ್ನ ಬಾಡಿಗೆ ಖೋಲಿಗೆ ಬಂದು ಚಪ್ಪಲಿ ಬಿಚ್ಚಿದಾಗಲೇ ಕಂಡದ್ದು. ನೋವೇ ಆಗಿರಲಿಲ್ಲ.

ಕೆಲಸವೂ ಸುಸೂತ್ರವಾಗಿ ಸಾಗಲಿಲ್ಲ. ಗೋರೆಗಾಂವ್‌ನಲ್ಲಿ ಹಾಲಿನವನೊಬ್ಬ ಹೊಲದಾಚೆ ಭಾರೀ ಹಳೆಯ ದೇವಸ್ಥಾನವಿದೆ ಎಂದ. ಅಂಗಡಿಯವನೂ ಹೌದೆಂದ. ಇಬ್ಬರ ಮಾತು ಕೂಡಿತಲ್ಲ, ಧೂಳು ತುಳಿದು ನಾಲ್ಕು ಸಾವಿರ ಹೆಜ್ಜೆ ಹೋದೆ. ಗೋಪುರ ಕಂಡಿತು. ಹತ್ತಿರ ಹೋಗಿ ಕಂಬ ತಟ್ಟಿ ನೋಡಿದರೆ ಡಬಡಬ ಸದ್ದು! ಸಿನಿಮಾ ಸ್ಟುಡಿಯೋದವರು ಹಲಗೆಗೆ ಪ್ಲಾಸ್ಟರ್ ಬಳಿದು ನಿಲ್ಲಿಸಿದ್ದು. ಹಿಂದುಗಡೆ ಏನೂ ಇಲ್ಲ, ಬೊಂಬು ಮಾತ್ರ. ಬೇರೆ ಸಮಯದಲ್ಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಪುಸ್ತಕದಿಂದ ಆ ದಾರಿಯನ್ನು ಹೊಡೆದುಹಾಕಿ ಮನೆಗೆ ಬಂದೆ.

ಕುರ್ಲಾದ ದಾರಿ ಹಿಡಿದದ್ದು ಏಪ್ರಿಲ್‌ನಲ್ಲಿ. ಸ್ಟೇಷನ್ನಿನಿಂದ ಸಾವಿರದ ನಾನೂರು ಹೆಜ್ಜೆಯಲ್ಲಿ, ಕೂಲಿಕಾರರ ಸಾಲುಮನೆಗಳಾದ ಚಾಳುಗಳ ನಡುವೆ, ಉಡುಪಿ ಕಡೆಯ ಅಣ್ಣ ತಮ್ಮ ನಡೆಸುತ್ತಿದ್ದ ಒಂದು ಹೋಟೆಲಿತ್ತು. ಅಣ್ಣ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಿದ್ದರು. ಎಲ್ಲರೂ ಅವರನ್ನು ಧಣಿಗಳು ಎನ್ನುತ್ತಿದ್ದರು. ತಮ್ಮ ಅಡುಗೆಮನೆ ನೋಡಿಕೊಳ್ಳುತ್ತಿದ್ದ. ಮೂವತ್ತು ದಾಟಿರಲಿಕ್ಕಿಲ್ಲ, ಕೆನ್ನೆ ಒಳಗೆ ಹೋಗಿ ನಲವತ್ತೈದರವನಂತೆ ಕಾಣುತ್ತಿದ್ದ. ನೀರು ಕುಡಿಯಲು ಹಿತ್ತಲಿಗೆ ಹೋದಾಗ ಅಲ್ಲಿ ಸೊಂಟದೆತ್ತರದ ಒಂದು ಕಲ್ಲು ಕಂಡೆ. ಕಲ್ಲಿನ ಮೇಲ್ತುದಿ ಮುರಿದಿತ್ತು. ಮೈಯೆಲ್ಲ ಎಣ್ಣೆ, ಕುಂಕುಮ, ಅರಿಸಿನದ ದಪ್ಪ ಪದರ. ಎದುರಿಗೆ ಹೂವು, ಎಳನೀರು.

"ನಮ್ಮ ಪಂಜುರ್ಲಿ," ಎಂದರು ಧಣಿಗಳು. "ನಮ್ಮೂರಿನ ದೈವ ಮೇಷ್ಟ್ರೇ, ಹಂದಿಯ ರೂಪದ್ದು. ಹೋಟೆಲಿಗೆ ಪಾಯ ತೋಡುವಾಗ ಸಿಕ್ಕಿದ್ದು. ನಾಲ್ಕು ಕಾಲು ಕಂಡದ್ದೇ ಕೆಲಸದವರೆಲ್ಲ ಪಂಜುರ್ಲಿ ಬಂದಿದೆ ಅಂತ ಕೈ ಮುಗಿದ್ರು. ಪ್ರತಿ ಸಂಕ್ರಮಣಕ್ಕೆ ಪೂಜೆ ಉಂಟು."

ನಾನು ಕುಂಕುಮದ ಪದರದ ಮೇಲೆ ಬೆರಳಾಡಿಸಿದೆ. ಮೃಗದ ಮೇಲ್ಗಡೆ, ಸಾಲಾಗಿ, ಸಣ್ಣ ಸಣ್ಣ ತಗ್ಗು. ಅಕ್ಷರ! ಎದೆ ಒಮ್ಮೆ ಹಾರಿತು. ತಿಂಗಳುಗಟ್ಟಲೆ ಏನೂ ಆಗದಿದ್ದ ಎದೆ. ಶಾಸನವಿರಬಹುದು, ತೊಳೆದು ಅಚ್ಚು ತೆಗೆಯಲು ಬಿಡುತ್ತೀರಾ ಎಂದು ಕೇಳಿಯೇಬಿಟ್ಟೆ. ಪೂಜೆಯ ಕಲ್ಲನ್ನು ಉಜ್ಜಲು ಯಾರು ಬಿಡುತ್ತಾರೆ, ಬೈಸಿಕೊಂಡು ಬರುವುದೇ ಎಂದುಕೊಂಡಿದ್ದೆ.

"ಬೇಡ ಅಣ್ಣ," ಎಂದ ತಮ್ಮ. ತಟ್ಟೆ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಿದ್ದ.

"ಎಂತ ಬೇಡ? ಅದಕ್ಕೂ ಒಮ್ಮೆ ಸ್ನಾನ ಆಗ್ಲಿ," ಎಂದರು ಧಣಿಗಳು. "ನೀವು ತೊಳೀರಿ ಮೇಷ್ಟ್ರೇ. ಇವನೇ ನೀರು ತಂದು ಕೊಡ್ತಾನೆ."

ಮುಂದಿನ ಭಾನುವಾರ ಹೋಟೆಲು ಮುಚ್ಚುವ ಮಧ್ಯಾಹ್ನದ ಹೊತ್ತಿಗೆ ಶುರುಮಾಡಿದೆ. ಕುದಿನೀರಿಗೆ ಸೀಗೆಪುಡಿ ಹಾಕಿ ಎರಡು ಸಲ ಸುರಿದು, ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆಯಬೇಕು. ಕಬ್ಬಿಣ ತಾಗಿಸಿದರೆ ಅಕ್ಷರ ಹೋಗುತ್ತದೆ. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಸಮನಾಗಿ ಬಡಿಯಬೇಕು. ಕಾಗದ ತಗ್ಗಿನೊಳಗೆ ಇಳಿಯುತ್ತದೆ. ಅರ್ಧ ಒಣಗಿದ ಮೇಲೆ, ಮಸಿಯಲ್ಲಿ ಅದ್ದಿದ ಬಟ್ಟೆಯ ಉಂಡೆಯಿಂದ ಮೇಲೆ ಮೇಲೆ ತಟ್ಟಬೇಕು. ತಗ್ಗು ಬಿಳಿಯಾಗಿ ಉಳಿದು ಮಿಕ್ಕದ್ದು ಕಪ್ಪಾಗುತ್ತದೆ. ಮಸಿಗೆ ಹೋಟೆಲಿನ ಒಲೆಯ ಗೂಡಿನ ಕಾಡಿಗೆಯೇ ಆಯಿತು. ಗೋಂದು ನನ್ನದು.

ಮೊದಲ ಕಾಗದ ಹಿಡಿಯಲೇ ಇಲ್ಲ. ವರ್ಷಗಳ ಎಣ್ಣೆ ಕಲ್ಲಿನೊಳಗಿಂದ ಇನ್ನೂ ಒಸರುತ್ತಿತ್ತು. ಎರಡನೆಯದು ನನ್ನ ಅವಸರಕ್ಕೆ ನಡುವೆ ಹರಿಯಿತು. ಮತ್ತೊಂದು ವಾರ ಬಿಟ್ಟು, ಕಲ್ಲಿಗೆ ಕಡಲೆಹಿಟ್ಟು ಮೆತ್ತಿ ಎಣ್ಣೆ ಹೀರಿಸಿ, ಮೂರನೆಯ ಕಾಗದ ಹಾಕಿದೆ. ಅದು ಕೂತಿತು. ತಮ್ಮ ಬಕೆಟ್ಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಎರಡು ವಾರದಲ್ಲಿ ಅವನು ನನ್ನೊಂದಿಗೆ ಹತ್ತು ಮಾತೂ ಆಡಿರಲಿಲ್ಲ.

ಮಸಿ ತಟ್ಟುತ್ತಾ ಹೋದಂತೆ ಮೇಲೆ ನಾಗರಿಯ ನಾಲ್ಕು ಸಾಲು ಎದ್ದವು. ಸವೆದಿದ್ದವು, ಆದರೂ ಭೂಮಿ ಕೊಟ್ಟ ಮಾತು ಅಲ್ಲಲ್ಲಿ ಓದಲು ಬಂತು. ಕೆಳಗೆ ಮೃಗ ಮೂಡಿತು. ಅದರ ಕೆಳಗೆ ಒಂದು ಹೆಣ್ಣಿನ ಆಕೃತಿ. ಮಿಕ್ಕದ್ದನ್ನು ಬರೆಯುವುದು ಬೇಡ.

"ಮೇಷ್ಟ್ರೇ, ಇದಕ್ಕೆ ಕೋರೆ ಇಲ್ಲ," ಎಂದ ತಮ್ಮ.

"ಇಲ್ಲ."

"ಕಿವಿ ಉದ್ದ ಉಂಟು. ಹಂದಿ ಅಲ್ಲ ಹಾಗಾದ್ರೆ."

"ಕತ್ತೆ," ಎಂದೆ. ಮೈಸೂರಿನಲ್ಲಿ ನನಗೆ ಅಚ್ಚು ತೆಗೆಯಲು ಕಲಿಸಿದವರು ಕೊಂಕಣದ ಕಡೆಯ ಇಂಥ ಕಲ್ಲುಗಳ ಮಾತು ಹೇಳಿದ್ದರು. ರಾಜರು ಭೂಮಿ ದಾನ ಕೊಟ್ಟಾಗ, ಅದನ್ನು ಕಿತ್ತುಕೊಂಡವರ ಮನೆತನಕ್ಕೆ ಹೊಲಸು ಶಾಪವೊಂದನ್ನು ಚಿತ್ರ ಮಾಡಿ ಕೆತ್ತಿಸುತ್ತಿದ್ದರಂತೆ, ಓದು ಬಾರದವರೂ ಹೆದರಲೆಂದು. ಅಷ್ಟನ್ನೂ ಅವನಿಗೆ ಹೇಳಿದೆ.

ಅವನು ಬಕೆಟ್ಟನ್ನು ಕೆಳಗಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಅಯ್ಯೋ ದೇವರೇ! ನಾನು ಇದರ ಮೇಲೆ ಕೈ ಇಟ್ಟು ಪ್ರಮಾಣ ಮಾಡಿದವ ಮಾರಾಯ್ರೆ."

ಕಾಗದ ಒಣಗಬೇಕಿತ್ತು. ಇನ್ನೂ ಅರ್ಧ ಗಂಟೆ ನನಗೆ ಅಲ್ಲಿಂದ ಏಳುವ ಹಾಗಿರಲಿಲ್ಲ. ಅವನು ಹೇಳುತ್ತಾ ಹೋದ.

"ಅಮ್ಮ ಎರಡು ಸಲ ಸುಳ್ಳು ತಂತಿ ಹಾಕಿಸಿದ್ರು. ತಾಯಿ ಸೀರಿಯಸ್, ಕೂಡಲೇ ಹೊರಡು ಅಂತ. ಅಣ್ಣ ಓಡಿ ಹೋಗಿ ನೋಡಿದ್ರೆ ಅಮ್ಮ ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಹೆಚ್ತಾ ಇದ್ರು. ಅಣ್ಣನಿಗೆ ಹೆಣ್ಣು ನೋಡ್ಲಿಕ್ಕೆ ಕರ್ಸಿದ್ದು. ಮೂರನೆಯದು ಬಂದಾಗ ಇಲ್ಲಿ ಊಟದ ರಶ್ಶು. ನಾನೇ ಸಹಿ ಹಾಕಿ ತಕೊಂಡೆ. ಓದಿ ನಗೆ ಬಂತು ಮೇಷ್ಟ್ರೇ. ಮತ್ತೆ ಹೇಳುವಾ ಅಂತ ಕಿಸೆಗೆ ಹಾಕಿದೆ. ಹೇಳ್ಲಿಲ್ಲ. ನಾಲ್ಕನೆಯ ದಿನ ಇನ್ನೊಂದು ಬಂತು. ಅದು ಅಣ್ಣನ ಕೈಗೇ ಸಿಕ್ಕಿತು. ಅಮ್ಮ ಇಲ್ಲ ಅಂತ."

ನಾನು ಕಾಗದದ ಅಂಚು ನೋಡುತ್ತಿದ್ದೆ.

"ಸೋದರಮಾವ ಊರಿಂದ ಬಂದ್ರು. ಮೊದಲಿನ ತಂತಿ ಯಾರ ಕೈಗೆ ಹೋಯ್ತು ಅಂತ ಕೇಳಿದ್ರು. ನನಗೆ ಸಿಗ್ಲೇ ಇಲ್ಲ ಅಂದೆ. ಹಾಗಾದ್ರೆ ಊರಿಗೆ ಬಂದು ಮನೆ ದೈವದ ಎದುರು ಪ್ರಮಾಣ ಮಾಡು ಅಂದ್ರು. ಅಣ್ಣ, ಅಷ್ಟು ದೂರ ಯಾಕೆ, ಇಲ್ಲಿಯೂ ಪಂಜುರ್ಲಿ ಉಂಟಲ್ಲ ಅಂತ ಇದರ ಎದುರು ನಿಲ್ಲಿಸಿದ್ರು. ಕೈ ಇಟ್ಟು ಹೇಳಿದೆ, ತಂತಿ ನನಗೆ ಸಿಗ್ಲಿಲ್ಲ ಅಂತ. ಮೂರು ವರ್ಷ ಆಯ್ತು. ಅನ್ನ ಬಾಯಿಗೆ ಇಟ್ರೆ ಇಳಿಯುದಿಲ್ಲ. ಸಣ್ಣ ಜ್ವರ ಬಂದ್ರೂ ದೈವ ಬಂತು, ಇವತ್ತು ನನ್ನ ಲೆಕ್ಕ ಮುಗೀತು ಅಂತ ಮಲಗ್ತೇನೆ."

ಅವನು ಒಮ್ಮೆ ನಕ್ಕ. ಆ ನಗುವನ್ನು ಕೇಳಲು ಆಗುತ್ತಿರಲಿಲ್ಲ. "ಕತ್ತೆಯಂತೆ!" ಎಂದ. ಆಮೇಲೆ ನಗು ನಿಲ್ಲಿಸಿ ನನ್ನ ಹತ್ತಿರ ಸರಿದ.

"ಪುಸ್ತಕದಲ್ಲಿ ಹಾಕ್ಬೇಡಿ ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೇನೆ. ಇದು ದೈವ ಅಲ್ಲ ಅಂತ ಗೊತ್ತಾದ್ರೆ ಆ ಪ್ರಮಾಣ ನಡೆಯುದಿಲ್ಲ. ಊರಿಗೆ ಬಂದು ಮತ್ತೆ ಮಾಡು ಅಂತಾರೆ. ಅಲ್ಲಿ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಸತ್ಯ ಹೇಳಿದ್ರೆ ಅಣ್ಣ ನನ್ನ ಮುಖ ನೋಡುದಿಲ್ಲ. ನನಗೆ ಬೇರೆ ಯಾರಿದ್ದಾರೆ?"

ನನ್ನ ಶನಿವಾರದ ವಿಷಯವನ್ನು ಅವನಿಗೆ ಆಗಲೇ ಹೇಳಬಹುದಿತ್ತು. ಇಡೀ ಮುಂಬಯಿಯಲ್ಲಿ ಅದನ್ನು ಕೇಳಬೇಕಾದವನು ಅವನೊಬ್ಬನೇ. ಹೇಳಲಿಲ್ಲ. ನಾಚಿಕೆಯಾಯಿತು, ಮತ್ತೇನಲ್ಲ. ಕಾಗದ ಒಣಗಿತ್ತು. ಬಿಡಿಸಿ, ಸುರುಳಿ ಸುತ್ತಿ, ನೋಡೋಣ ಎಂದಷ್ಟೇ ಹೇಳಿ ಎದ್ದು ಬಂದೆ.

ಅಚ್ಚನ್ನು ಕಂಡ ಕಾರ್ಯದರ್ಶಿಗಳು ಕುರ್ಚಿಯಿಂದ ಎದ್ದೇ ನಿಂತರು. "ಮಾಸ್ತರ, ಭಲೇ! ಇದೊಂದ್ ಹಾಳಿ ಸಾಕ್ರಿ, ಪುಸ್ತಕ ನಿಲ್ತದ!" ಎಂದರು. ಇದನ್ನು ಬಿಟ್ಟುಬಿಡೋಣ ಎಂದಾಗ ನನ್ನ ಹಣೆ ಮುಟ್ಟಿ ನೋಡಿದರು. "ಹುಚ್ಚಗಿಚ್ಚ ಹಿಡದದೇನ್ರಿ? ಕಾರಣ ಹೇಳ್ರಿ." ಕಾರಣ ಹೇಳುವ ಹಾಗಿರಲಿಲ್ಲ. ಅವರು ಸಿಟ್ಟಾದರು. ಬುಧವಾರದೊಳಗೆ ಕುರ್ಲಾದ ಪುಟ ಪ್ರೆಸ್ಸಿಗೆ ಹೋಗದಿದ್ದರೆ ಪುಸ್ತಕವೇ ಬೇಡ ಎಂದರು.

ಎರಡು ದಿನ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಾ ಇದನ್ನೇ ಯೋಚಿಸಿದೆ. ಇಷ್ಟು ತಿಂಗಳ ನಡಿಗೆಯಲ್ಲಿ ನಾನೇ ಕಂಡುಹಿಡಿದದ್ದು ಎಂದರೆ ಆ ಕಲ್ಲೊಂದೇ. ಉಳಿದವನ್ನೆಲ್ಲ ಯಾರೋ ಹಿಂದೆಯೇ ಕಂಡಿದ್ದರು. ಬಿಡಲು ಹೊಟ್ಟೆ ಉರಿಯುತ್ತಿತ್ತು. ಆದರೂ ಬಿಡುವುದೆಂದು ನಿರ್ಧರಿಸಿದೆ. ಒಂದು ತಂತಿಯನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದವನು ಇನ್ನೊಬ್ಬನ ತಂತಿಯನ್ನು ಅಚ್ಚು ಹಾಕಿಸುವುದು ನನ್ನಿಂದಾಗಲಿಲ್ಲ. ಪುಸ್ತಕ ಹೋದರೆ ಹೋಗಲಿ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಕುರ್ಲಾಕ್ಕೆ ಹೋದೆ. ತಮ್ಮ ಮಾರ್ಕೆಟ್ಟಿಗೆ ಹೋಗಿದ್ದ. ಧಣಿಗಳಿಗೆ, ಅಕ್ಷರ ಪೂರಾ ಸವೆದಿದೆ, ಏನೂ ಓದಲಾಗಲಿಲ್ಲ, ಪುಸ್ತಕದಲ್ಲಿ ಹಾಕುವುದಿಲ್ಲ ಎಂದು ಸುಳ್ಳು ಹೇಳಿದೆ. ಅವರು ಗಲ್ಲೆಯಿಂದ ಕೆಳಗಿಳಿದು ನನ್ನ ಎದುರಿಗೆ ಬಂದು ಕೂತರು.

"ಕತ್ತೆ ಅಂತ ಗೊತ್ತಾಯ್ತಲ್ಲ ನಿಮಗೆ?"

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಸಿಕ್ಕಿದ ದಿನವೇ ನಾನು ನೋಡಿದವ. ಕೆಲಸದವರು ಅಷ್ಟು ಭಕ್ತಿಯಿಂದ ಕೈ ಮುಗಿದ್ರಲ್ಲ, ಹಾಗಾಗಿ ಸುಮ್ಮನೆ ಎಣ್ಣೆ ಕುಂಕುಮ ಮೆತ್ತಿಸಿದೆ. ತಂತಿಯ ಕಥೆ ಅವ ನಿಮಗೆ ಹೇಳಿರ್ಬೇಕು. ಅದನ್ನು ಯಾರು ತಕೊಂಡದ್ದು ಅಂತಲೂ ನನಗೆ ಗೊತ್ತುಂಟು. ತಂತಿ ತರುವವ ಆ ವಾರವೇ ಹೇಳಿದ, ನಿಮ್ಮ ತಮ್ಮ ಸಹಿ ಹಾಕಿದ್ದು ಅಂತ."

"ಮತ್ತೆ ಪ್ರಮಾಣ ಯಾಕೆ ಮಾಡಿಸಿದಿರಿ?"

"ಮಾವ ಬಿಡ್ತಿದ್ರಾ? ಊರಿನ ದೈವದ ಎದುರು ನಿಲ್ಲಿಸಿದ್ರೆ ಇವ ಹೆದರಿ ಅಲ್ಲಿಯೂ ಸುಳ್ಳೇ ಹೇಳ್ತಿದ್ದ. ಆಮೇಲೆ ಇವ ಉಳೀತಿದ್ನಾ ಮೇಷ್ಟ್ರೇ? ಅದಕ್ಕೇ ಈ ಕತ್ತೆಯ ಎದುರು ಮಾಡಿಸಿದೆ. ಕತ್ತೆಯ ಎದುರು ಹೇಳಿದ ಸುಳ್ಳಿಗೆ ಲೆಕ್ಕ ಯಾರು ಕೇಳ್ತಾರೆ?" ಅವರು ಮೇಜಿನ ಮೇಲಿನ ನೀರನ್ನು ಅಂಗೈಯಿಂದ ಒರಸಿದರು. "ಆದ್ರೆ ಅವ ಹೀಗೆ ಒಣಗ್ತಾನೆ ಅಂತ ನಾನು ಎಣಿಸಿರ್ಲಿಲ್ಲ. ಅದು ದೈವ ಅಲ್ಲ ಮಾರಾಯಾ ಅಂತ ಹೇಳ್ಬೇಕು ಅಂತ ಎಷ್ಟು ಸಲ ಕಂಡಿದೆ. ಹೇಳಿದ್ರೆ, ನನಗೆ ಎಲ್ಲ ಗೊತ್ತುಂಟು ಅಂತ ಅವನಿಗೆ ಗೊತ್ತಾಗ್ತದೆ. ಆಮೇಲೆ ಅವ ನನ್ನ ಎದುರು ನಿಲ್ಲುವವನಲ್ಲ, ಎಲ್ಲಿಗಾದ್ರೂ ಹೊರಟುಹೋಗ್ತಾನೆ. ನೀವು ಬಂದು ತೊಳೀತೇನೆ ಅಂದ್ರಿ. ದೇವರೇ ಕಳಿಸಿದ್ದು ಅಂದ್ಕೊಂಡೆ."

"ಅವನನ್ನು ನೀವು ಕ್ಷಮಿಸಿದ್ದೀರಾ?" ಎಂದು ಕೇಳಿದೆ. ಕೇಳಿದ್ದು ಅವನಿಗೋಸ್ಕರವೇ ಎಂದು ನಾನು ಹೇಳಲಾರೆ.

"ಎಂತ ಕ್ಷಮೆ? ಎರಡು ಸಲ ಬಸಳೆ ಹೆಚ್ಚುವುದನ್ನು ನೋಡಿ ಬಂದವ ನಾನು. ಮೂರನೆಯ ತಂತಿ ನನ್ನ ಕೈಗೆ ಬಂದಿದ್ರೂ ನಾನು ಹೊರಡ್ತಿರ್ಲಿಲ್ಲ. ಪುಸ್ತಕದಲ್ಲಿ ಹಾಕಿ ಮೇಷ್ಟ್ರೇ. ಕತ್ತೆ ಅಂತಲೇ ಬರೀರಿ, ದೊಡ್ಡ ಅಕ್ಷರದಲ್ಲಿ. ಅವನ ಎದುರೇ ನಾನು ಓದ್ತೇನೆ. ಓದಿ ಏನೂ ಕೇಳುದಿಲ್ಲ. ಆಗ ಅವನಿಗೆ ಅರ್ಥ ಆಗ್ತದೆ."

ಬುಧವಾರ ಪುಟ ಪ್ರೆಸ್ಸಿಗೆ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಪುಸ್ತಕ ಬಂತು. ತೆಳ್ಳಗೆ, ಅಂಗಿ ಜೇಬಿಗೆ ಹಿಡಿಸುವಷ್ಟು. ಆ ಭಾನುವಾರ ಕುರ್ಲಾಕ್ಕೆ ಒಂದು ಪ್ರತಿ ಒಯ್ದೆ. ಧಣಿಗಳು ಕನ್ನಡಕ ಹಾಕಿಕೊಂಡು ಒಳಗೆ ಕೂಗಿದರು. "ಬಾ ಇಲ್ಲಿ, ನಮ್ಮ ಹೋಟೆಲು ಪುಸ್ತಕದಲ್ಲಿ ಬಂದಿದೆ!"

ತಮ್ಮ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತ. ನನ್ನತ್ತ ಒಂದು ಸಲ ನೋಡಿದ. ನಾನು ಅವನನ್ನು ಮಾರಿದೆ ಎಂದುಕೊಂಡಿರಬೇಕು. ಧಣಿಗಳು ಗಟ್ಟಿಯಾಗಿ ಓದಿದರು. ಸ್ಟೇಷನ್ನಿನಿಂದ ಎಷ್ಟು ಹೆಜ್ಜೆ, ನಲ್ಲಿ ಎಲ್ಲಿದೆ, ಎಲ್ಲ. "ಹೋಟೆಲಿನ ಹಿತ್ತಲಲ್ಲಿರುವುದು ಹಳೆಯ ದಾನಶಾಸನದ ತುಂಡು. ಕೆತ್ತಿರುವುದು ಕತ್ತೆ. ಇದು ದೈವದ ಕಲ್ಲಲ್ಲ." ಓದಿ ಮುಗಿಸಿ, ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರಸಿದರು.

"ಕತ್ತೆಯಂತೆ," ಎಂದರು. "ಮೇಷ್ಟ್ರಿಗೆ ಒಂದು ಕಾಫಿ ತಾ."

ತಮ್ಮ ಅಲ್ಲಾಡಲಿಲ್ಲ. "ಅಣ್ಣ..." ಎಂದ.

"ಎಂತ?"

ಧಣಿಗಳು ಪುಸ್ತಕವನ್ನು ಗಲ್ಲೆಯೊಳಗಿಟ್ಟು ಮುಚ್ಚಿದರು.

"ದೀಪಾವಳಿ ಕಳೆದು ಊರಲ್ಲಿ ದೈವದ ಕೋಲ ಉಂಟಲ್ಲ. ಈ ಸಲ ಇಬ್ಬರೂ ಹೋಗುವಾ. ಕೈ ಮುಗಿಯುದು, ಪ್ರಸಾದ ತಕೊಳ್ಳುದು, ಬರುದು. ಮತ್ತೆ ಎಂತದ್ದೂ ಇಲ್ಲ. ಯಾರೂ ಎಂತದ್ದೂ ಕೇಳುದಿಲ್ಲ. ಮಾವನಿಗೆ ನಾನು ಹೇಳಿಕೊಳ್ತೇನೆ. ಗೊತ್ತಾಯ್ತಾ?"

ತಮ್ಮ ತಲೆಯಾಡಿಸಿದ. ಆಮೇಲೆ ಒಳಗೆ ಹೋದ. ಕಾಫಿ ತಂದಿಟ್ಟಾಗ ಅರ್ಧ ಬಟ್ಟಲಿಗೆ ಚೆಲ್ಲಿತ್ತು. ಕಣ್ಣು ಕೆಂಪಾಗಿತ್ತು. ಮೂಲೆಯ ಬೆಂಚಿನಲ್ಲಿ ಕೂತು, ತಟ್ಟೆಗೆ ಅನ್ನ ಹಾಕಿಕೊಂಡು, ಎಲ್ಲರೆದುರು ಗಬಗಬ ಉಂಡ. ಧಣಿಗಳು ಅತ್ತ ನೋಡಲೇ ಇಲ್ಲ. ಸಾರು ಹಾಕಿ ಅವನಿಗೆ ಎಂದು ಮಾತ್ರ ಕೂಗಿದರು.

ಕುರ್ಲಾದಿಂದ ಸಯನ್‌ವರೆಗೂ ನಡೆದೇ ಬಂದೆ. ಬೀಜ ಎಣಿಸಲಿಲ್ಲ. ದಾರಿಯ ಅಂಗಡಿಯೊಂದರಲ್ಲಿ ಒಂದು ಪೋಸ್ಟ್ ಕಾರ್ಡು ಕೊಂಡು, ಆಸ್ಪತ್ರೆಯ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಮಾವನವರಿಗೆ ಬರೆದೆ. ತೀರ್ಥರೂಪ ಸಮಾನರಿಗೆ ಸಾಷ್ಟಾಂಗ ನಮಸ್ಕಾರಗಳು. ನಿಮ್ಮ ತಂತಿ ನನಗೆ ಶನಿವಾರವೇ ಸಿಕ್ಕಿತ್ತು. ಇಷ್ಟು ಬರೆದ ಮೇಲೆ ಕಾರ್ಡಿನಲ್ಲಿ ಇನ್ನೂ ಬಹಳ ಜಾಗ ಉಳಿದಿತ್ತು. ಏನು ಬರೆಯಬೇಕೆಂದು ತೋಚಲಿಲ್ಲ. ಹಾಗೆಯೇ ಡಬ್ಬಕ್ಕೆ ಹಾಕಿದೆ.

ಅಲ್ಲಿಂದ ನನ್ನ ಖೋಲಿಗೆ ಆರುನೂರು ಹೆಜ್ಜೆ. ಅಷ್ಟು ನಡೆಯುವಷ್ಟರಲ್ಲಿ ಎರಡು ಸಲ ಕೂರಬೇಕಾಯಿತು. ಕಾಲು ನೋಯುತ್ತಿತ್ತು.